ಇಳಿಜಾರಿನ ಹುಲ್ಲು ಕೊಯ್ದ ಮಾಲಿ ಕಾಕಾ

ಹೋದ ವಾರ ಇಂಡಿಯಲ್ಲಿ ಬೆಳಿಗ್ಗೆ ಅಡ್ಡಾಡಲು ಹೊರಟಾಗ ಯಾರದೋ ಬಂಗಲೆಯ ಕಂಪೌಂಡಿನಿಂದ ಆಗತಾನೆ ಕೊಯ್ದ ಹಸಿ ಹುಲ್ಲಿನ ವಾಸನೆ ಬಂತು. ಜೊತೆಗೆ ಪೆಟ್ರೋಲಿನ ಹೊಗೆ. ನಾನು ಮೂಗಿಗೆ ಕರವಸ್ತ್ರ ಹಿಡಿದು ರಸ್ತೆ ದಾಟಿದೆ. ಮಾಲಿ ಕಾಕಾ ನೆನಪಾಗಿದ್ದರು...

ನಾನಾಗ ಬಾಗೇವಾಡಿ ಕಡೆಯ ಒಂದು ಕಾಲೇಜಿನ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಆಗಿದ್ದೆ. ಕಾಲೇಜು ಗುಡ್ಡದ ಓರೆಯಲ್ಲಿತ್ತು. ಕಟ್ಟಡದಿಂದ ಗೇಟಿನವರೆಗೂ ಇಳಿಜಾರು, ಅದರ ತುಂಬ ಹುಲ್ಲು. ಆ ಕಲ್ಲುನೆಲದಲ್ಲಿ ಹುಲ್ಲು ಹಬ್ಬಿಸಿದವರು ನಮ್ಮ ಮಾಲಿ ಕಾಕಾ. ದಿನಾ ಇಂಗಳೇಶ್ವರದಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ನನಗಿಂತ ಹಿರಿಯರು, ಆದರೂ ನನ್ನನ್ನು ಸಾಹೇಬ್ರ ಎಂದೇ ಕರೆಯುತ್ತಿದ್ದರು.

ಎಷ್ಟೋ ವರ್ಷ ಅವರು ಕುಡುಗೋಲಿನಿಂದಲೇ ಹುಲ್ಲು ಕೊಯ್ದಿದ್ದರು. ಆಮೇಲೆ ಕಾಲೇಜಿಗೆ ತಳ್ಳುತ್ತ ಹುಲ್ಲು ಕೊಯ್ಯುವ ಪೆಟ್ರೋಲ್ ಮಷೀನು ಬಂತು. ಅದನ್ನು ಶುರು ಮಾಡುವ ಮುಂಚೆ ಇಡೀ ಇಳಿಜಾರು ಸುತ್ತಿ ಹರಳುಗಳನ್ನು ಟವೆಲ್ಲಿಗೆ ಆರಿಸಿಕೊಳ್ಳುತ್ತಿದ್ದರು. ಚಪ್ಪಲಿ ಬಿಟ್ಟು ಅಂಗಾಲು ಊರಿ ತೇವ ಎಷ್ಟಿದೆ ನೋಡುತ್ತಿದ್ದರು. ತೇವವಿದ್ದರೆ ಅವತ್ತು ಮಷೀನು ಮುಟ್ಟುತ್ತಿರಲಿಲ್ಲ. ಒಣಗಿದ್ದರೆ ಇಳಿಜಾರಿಗೆ ಅಡ್ಡಡ್ಡ, ನಿಧಾನವಾಗಿ ನಡೆಯುತ್ತಿದ್ದರು. ಗಟ್ಟಿ ಬೂಟು ಬೇಕೆಂದು ಎರಡು ಸಲ ಅರ್ಜಿ ಕೊಟ್ಟಿದ್ದರು. ಎರಡೂ ನನ್ನ ಟ್ರೇಯಲ್ಲೇ ಇದ್ದವು.

ಆ ವರ್ಷ ಪರಿಶೀಲನಾ ಸಮಿತಿ ಬರುವ ದಿನದ ಹಿಂದಿನ ರಾತ್ರಿ ಮಳೆಯಾಯಿತು. ಹುಲ್ಲು ಮೊಣಕಾಲಿನ ಹತ್ತಿರಕ್ಕೆ ಬೆಳೆದಿತ್ತು. ಗೇಟಿನಿಂದ ನೋಡಿದರೆ ಹುಲ್ಲಿನ ಗೆರೆಗಳು ಮೇಲಿನವರೆಗೆ ನೆಟ್ಟಗೆ ಕಾಣಬೇಕೆಂದು ಪ್ರಾಂಶುಪಾಲರು ಬೆಳಿಗ್ಗೆ ನನಗೆ ಹೇಳಿದರು. ಅಂದರೆ ಅಡ್ಡಡ್ಡ ಅಲ್ಲ, ಮೇಲಿಂದ ಕೆಳಕ್ಕೆ ಉದ್ದುದ್ದ ಹೊಡೆಯಬೇಕು ಎಂದು ನಾನು ಕಾಕಾಗೆ ಹೇಳಿದೆ. ಅವರು ಚಪ್ಪಲಿ ಬಿಟ್ಟು ಹುಲ್ಲಿನಲ್ಲಿ ಅಂಗಾಲು ಊರಿ ನೋಡಿದರು.

"ಸಾಹೇಬ್ರ, ನೆಲ ಹಸಿ ಐತಿ. ಅಡ್ಡ ಹೊಡದ್ರ ನಾ ಜಾರಿದ್ರೂ ಮಷೀನ್ ಒಂದು ಕಡೆ, ನಾ ಒಂದು ಕಡೆ ಬೀಳ್ತೇವಿ. ಉದ್ದ ಹೊಡದು ಹಿಂದಕ್ಕ ಮ್ಯಾಲ ಜಗ್ಗುವಾಗ ಜಾರಿದ್ರ, ಕಾಲು ಸೀದಾ ಬ್ಲೇಡಿನ ಕೆಳಗ ಹೋಗ್ತೈತ್ರಿ. ಬಿಸಲು ಬೀಳ್ಲಿ, ಮಧ್ಯಾಹ್ನ ಮಾಡ್ತೇನಿ."

ಸಮಿತಿ ಬರುವುದು ಹನ್ನೊಂದಕ್ಕೆ. "ಅಷ್ಟೊತ್ತು ಇಲ್ಲ ಕಾಕಾ, ಹೇಳಿದಂಗ ಮಾಡ್ರಿ," ಎಂದು ಒಳಗೆ ಹೋದೆ. ಅವರು ಮಷೀನು ಶುರು ಮಾಡಿದರು.

ಮೂರನೆಯ ಗೆರೆಯಲ್ಲೋ ನಾಲ್ಕನೆಯದರಲ್ಲೋ ಅವರು ಜಾರಿದರು. ಕಿಟಕಿಯಿಂದ ನನಗೆ ಕೇಳಿದ್ದು ಮಷೀನಿನ ಸದ್ದು ತಟ್ಟನೆ ದಪ್ಪಗಾಗಿ ನಿಂತದ್ದು ಮಾತ್ರ... ಓಡಿಹೋದಾಗ ಅವರು ಹುಲ್ಲಿನ ಮೇಲೆ ಕುಳಿತು ಎರಡೂ ಕೈಯಿಂದ ಎಡ ಮೊಣಕಾಲನ್ನು ಬಿಗಿಯಾಗಿ ಹಿಡಿದಿದ್ದರು. ಅರ್ಧ ಪಾದ ಹೋಗಿತ್ತು. ಸಮಿತಿಯವರು ಬಂದರು, ಸೀದಾ ಹಿಂದಿನ ಬಾಗಿಲಿನವರೆಗೆ ಕಾರಿನಲ್ಲೇ ಹೋಗಿ ಇಳಿದರು. ಹುಲ್ಲನ್ನು ಯಾರೂ ನೋಡಲಿಲ್ಲ.

ಸಂಜೆ ಪ್ರಾಂಶುಪಾಲರು ವರದಿ ಬರೆಯಿರಿ ಎಂದರು, ಏನು ಬರೆಯಬೇಕೆಂದೂ ಹೇಳಿದರು. ಮಾಲಿಯ ಅಜಾಗರೂಕತೆಯೇ ಕಾರಣ ಎಂದು ನಾನೇ ಬರೆದೆ, ನಾನೇ ಸಹಿ ಮಾಡಿದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಮರುದಿನ ಆಸ್ಪತ್ರೆಗೆ ಹೋದಾಗ ಕಾಕಾನ ಪಕ್ಕದಲ್ಲಿ ಅವರ ಮಗಳು ಕುಳಿತಿದ್ದಳು. ಅವರು ಕೇಳಿದ್ದು ಒಂದೇ ಮಾತು.

"ನೆಲ ಹಸಿ ಐತಿ ಅಂತ ನಾ ಹೇಳಿದ್ದು ಕಾಗದದಾಗ ಬರದ್ರೇನ್ರಿ?"

"ಬರದೇನಿ," ಅಂದೆ.

ಅವರು ಕಣ್ಣು ಮುಚ್ಚಿದರು, ಮುಖ ಸ್ವಲ್ಪ ಸಡಿಲವಾಯಿತು. ತಿಂಗಳೊಳಗೆ ಅವರನ್ನು ಕೆಲಸದಿಂದ ತೆಗೆದರು. ಆ ಆದೇಶವನ್ನು ಟೈಪ್ ಮಾಡಿಸಿದವನೂ ನಾನೇ. ಆಮೇಲೆ ಇಂಗಳೇಶ್ವರಕ್ಕೆ ಹೋಗಿ ನೋಡಿಬರಬೇಕೆಂದು ಎಷ್ಟು ಸಲ ಅಂದುಕೊಂಡೆನೋ... ಹೋಗಲಿಲ್ಲ.

ಬಂಗಲೆಯ ಹುಲ್ಲಿನ ವಾಸನೆ ಬಂದ ಮೂರನೆಯ ದಿನ, ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಅವರ ಮಗಳೇ ನನ್ನ ಗುರುತು ಹಿಡಿದು ಮಾತಾಡಿಸಿದಳು. ಅವಳನ್ನು ತಾಂಬಾ ಊರಿಗೆ ಮದುವೆ ಮಾಡಿ ಕೊಟ್ಟಿದ್ದಾರಂತೆ, ಅಲ್ಲಿ ಅಂಗನವಾಡಿ ನೋಡಿಕೊಳ್ಳುತ್ತಾಳಂತೆ. ಕಾಕಾ ತೀರಿಹೋಗಿ ಎರಡು ವರ್ಷವಾಯಿತು ಎಂದಳು.

"ಊರಾಗ ಮಂದಿ ಅಪ್ಪಂದ ತಪ್ಪು ಅಂತಿದ್ರು. ಅಪ್ಪ ಅಂತಿದ್ದ, ನಂದು ತಪ್ಪಿಲ್ಲ, ಸಾಹೇಬ್ರು ಎಲ್ಲಾ ಬರದಿಟ್ಟಾರ ಅಂತ. ಆ ಕಾಗದ ಒಮ್ಮೆ ಓದಬೇಕಿತ್ರಿ ನಾನು. ಸಿಗ್ತೈತೇನ್ರಿ?"

ಹಳೆಯ ಫೈಲು, ಈಗ ಸಿಗಲಿಕ್ಕಿಲ್ಲ ಎಂದೆ. ಅವಳು ಹೌದ್ರಿ ಎಂದು ನನ್ನ ಕಾಲಿಗೆ ನಮಸ್ಕಾರ ಮಾಡಿ ಬಸ್ಸು ಹತ್ತಿದಳು.