ಹಸಿರು ಟೇಪಿನ ಸ್ಟಿಯರಿಂಗ್

ಹೆರಾಲ್ಡ್ ಕಾರಿನ ಬಾನೆಟ್ ಬೇರೆ ಕಾರುಗಳದ್ದರಂತೆ ತೆರೆಯುವುದಿಲ್ಲ. ಎರಡೂ ಪಕ್ಕದ ಮಡ್‌ಗಾರ್ಡ್ ಸಮೇತ ಇಡೀ ಮೂತಿಯೇ ಮುಂದಕ್ಕೆ ಮಗುಚುತ್ತದೆ. ಇಷ್ಟು ಶುರು ಮಾಡಲು ಬಿಟ್ಟರೆ ಸಾಕು, ನಾನು ಸಂಜೆಯವರೆಗೆ ಮಾತಾಡಬಲ್ಲೆ. ಅಷ್ಟರಲ್ಲಿ ನನ್ನ ಹೆಂಡತಿ ಎದ್ದು ಹೋಗಿರುತ್ತಾಳೆ. ಈ ಹುಚ್ಚು ನನಗೊಬ್ಬನಿಗೇ ಇದ್ದದ್ದಲ್ಲ. ತರೀಕೆರೆಯಲ್ಲಿ ಅಂಗಡಿ ಬೋರ್ಡು, ನಂಬರ್ ಪ್ಲೇಟು ಬರೆಯುತ್ತಿದ್ದ ನಾನು, ಅಜ್ಜಂಪುರದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಗೆಳೆಯ, ಕಡೂರಿನ ಲೈನ್‌ಮನ್, ಹೀಗೆ ಮೂವರೂ ಹೆರಾಲ್ಡ್ ಕಟ್ಟಿಕೊಂಡು ಹಾಳಾದವರು.

ನನ್ನದು ನಾಲ್ಕು ಬಾಗಿಲಿನ ಮಾರ್ಕ್ ತ್ರೀ. ಲೈನ್‌ಮನ್‌ದು ಅದಕ್ಕಿಂತ ಹಳೆಯ, ಎರಡು ಬಾಗಿಲಿನದು. ಗಿರಣಿಯವನದು ಕಂಪ್ಯಾನಿಯನ್, ಅಂದರೆ ಹಿಂಭಾಗ ಉದ್ದವಾಗಿ, ಸಾಮಾನು ತುಂಬಲು ಐದನೇ ಬಾಗಿಲೊಂದಿರುವ ಹೆರಾಲ್ಡ್. ಆ ಜಾತಿಯ ಗಾಡಿ ತಯಾರಾದದ್ದೇ ಕಡಿಮೆ. ನಾನು ಜನ್ಮದಲ್ಲಿ ಕಂಡದ್ದು ಅದೊಂದನ್ನೇ. ಭಾನುವಾರ ಬೀರೂರಿನ ಹೋಟೆಲೊಂದರ ಮುಂದೆ ಮೂರನ್ನೂ ಸಾಲಾಗಿ ನಿಲ್ಲಿಸಿ, ಇಡ್ಲಿ ತಿನ್ನುತ್ತಾ ಜಗಳಕ್ಕೆ ಕೂರುತ್ತಿದ್ದೆವು.

"ಎರಡು ಬಾಗಿಲಿಂದೇ ಅಸಲಿ ಹೆರಾಲ್ಡು ಕಣ್ರೋ, ನಿಮ್ದೆಲ್ಲ ಬಸ್ಸು" ಎಂದು ಲೈನ್‌ಮನ್ ಕೆಣಕುತ್ತಿದ್ದ.

"ಲೇ, ನಿಮ್ ಗಾಡಿ ಬೀದೀಲಿ ಹೋಯ್ತವೆ. ನಂದು ನೋಡೋಕೆ ಬೀದೀನೇ ಬತ್ತದೆ" ಎನ್ನುತ್ತಿದ್ದ ಗಿರಣಿಯವನು. ಅದು ನಿಜವೂ ಆಗಿತ್ತು, ಅದಕ್ಕೇ ನಮಗೆ ಉರಿ.

ನಮ್ಮಲ್ಲೊಂದು ಕಟ್ಟಳೆ ಇತ್ತು. ಒಬ್ಬನ ಗಾಡಿ ಕೈಕೊಟ್ಟು ಮಲಗಿದರೆ ಅದನ್ನು ಗುಜರಿಗೆ ಹಾಕುವಂತಿಲ್ಲ, ಬಿಚ್ಚಿ ಉಳಿದಿಬ್ಬರಿಗೆ ಹಂಚಬೇಕು. ಪಡೆದವನು ಕೊಟ್ಟವನ ಬಣ್ಣ, ಬೆಸುಗೆ, ತೇಪೆ ಯಾವುದನ್ನೂ ಅಳಿಸಕೂಡದು. ಕಂಡ ಕೂಡಲೇ ಇದು ಇಂಥವನದು ಎಂದು ಗೊತ್ತಾಗಬೇಕು. ಈ ಕಟ್ಟಳೆ ಮಾಡಿದವರು ಯಾರೋ ನೆನಪಿಲ್ಲ. ಬಹುಶಃ ನಾನೇ. ಭಾರೀ ದೊಡ್ಡತನದ ಕೆಲಸ ಎಂದುಕೊಂಡಿದ್ದೆ.

ಕಂಪ್ಯಾನಿಯನ್ನಿನ ಚಾಸಿ ತುಕ್ಕು ತಿಂದು ನಡುವೆ ಮುರಿದಾಗ ಗಿರಣಿಯವನು ಎರಡು ದಿನ ಅದರ ಹತ್ತಿರ ಸುಳಿಯಲಿಲ್ಲ. ಮೂರನೇ ದಿನ ತಾನೇ ಸ್ಪ್ಯಾನರ್ ಹಿಡಿದ. ಐದನೇ ಬಾಗಿಲು ಬೇರೆ ಯಾವ ಹೆರಾಲ್ಡಿಗೂ ಕೂರುವುದಿಲ್ಲ. ಆದರೂ ಲೈನ್‌ಮನ್ ಹಟ ಹಿಡಿದು ಅದನ್ನು ಕಡೂರಿಗೆ ಒಯ್ದು ಸೌದೆ ಕೊಟ್ಟಿಗೆಗೆ ಕೂರಿಸಿಕೊಂಡ. ಸ್ಟಿಯರಿಂಗ್ ಚಕ್ರ ನನ್ನ ಪಾಲಿಗೆ ಬಂತು. ಅದು ಒಂದು ಕಡೆ ಬಿರುಕು ಬಿಟ್ಟಿತ್ತು. ಗಿರಣಿಯ ಮೋಟರಿಗೆ ತಂದಿದ್ದ ಹಸಿರು ವೈರ್ ಟೇಪನ್ನೇ ಅವನು ಆ ಬಿರುಕಿಗೆ ದಪ್ಪಗೆ ಸುತ್ತಿದ್ದ.

"ಲೇ, ಎಡಗೈ ಈ ಟೇಪಿನ ಮೇಲೇ ಇರ್ಲಿ ಕಣೋ. ನಾನು ಪಕ್ದಾಗೇ ಕೂತಂಗಿರ್ತದೆ" ಎಂದು ನನ್ನ ಕೈಗಿಟ್ಟ. ನಾನು ಏನೋ ತಮಾಷೆ ಮಾಡಿ ಕಣ್ಣೊರೆಸಿಕೊಂಡೆ.

ಎರಡು ವರ್ಷದ ಹಿಂದೆ ಲೈನ್‌ಮನ್ ಎದೆನೋವೆಂದು ಮಲಗಿದವನು ಏಳಲಿಲ್ಲ. ಆಮೇಲೆ ಗಿರಣಿಯವನಿಗೆ ಮರೆವು ಹತ್ತಿತು. ಮೊದಲು ಗಿರಾಕಿಗಳು, ಆಮೇಲೆ ಬೀದಿಗಳು. ಒಂದು ದಿನ ಅವನ ಹೆಂಡತಿ ಫೋನ್ ಮಾಡಿದರು. "ಅಣ್ಣಾ, ಬೆಳಿಗ್ಗೆಯಿಂದ ನನ್ ಗಾಡಿ ಎಲ್ಲಿ ಅಂತ ಬೀದೀಲಿ ನಿಂತವ್ರೆ. ನಿಮ್ ಗಾಡೀಲಿ ಒಂದ್ ಸುತ್ತು ಹೊಡಸ್ಕೊಂಡ್ ಬನ್ನಿ."

ನಾನು ಗಾಡಿ ತೊಳೆದು, ಮದುವೆ ದಿಬ್ಬಣಕ್ಕೆ ಹೊರಟವನಂತೆ ಹೋದೆ. ಅವನು ಹತ್ತಿ ಕೂತ. ಸ್ಟಿಯರಿಂಗ್ ನೋಡಿದ. ಟೇಪಿನ ಮೇಲೆ ಬೆರಳಿಟ್ಟ.

"ಇದು ನಂದು."

"ಹೂಂ, ನಿಂದೇ ಕಣೋ. ನೀನೇ ಕೊಟ್ಟಿದ್ದಲ್ವಾ?"

"ನಾನ್ಯಾಕೆ ಕೊಡ್ಲಿ? ನೀವ್ಯಾರ್ರೀ? ಮಿಕ್ಕಿದ್ ಗಾಡಿ ಎಲ್ ಬಚ್ಚಿಟ್ಟಿದೀರಿ?"

ನನ್ನನ್ನು ಹುಟ್ಟಿದಾರಭ್ಯ 'ಲೇ' ಬಿಟ್ಟು ಬೇರೆ ಏನೂ ಎಂದು ಕರೆಯದವನು! ನನಗೆ ಸಿಟ್ಟು ಬಂತು. ಸುಳ್ಳೇಕೆ ಹೇಳಲಿ, ಕಾಯಿಲೆಯವನ ಮೇಲೆ ಸಿಟ್ಟು ಬಂತು. ಲೈನ್‌ಮನ್ ಇದ್ದಿದ್ದರೆ ಸಾಕ್ಷಿ ಹೇಳುತ್ತಿದ್ದ. ಆ ಹಾಳು ಟೇಪನ್ನು ನಾನು ಕಿತ್ತೆಸೆದು ಹೊಸ ಕವರ್ ಹಾಕಿಸಿಕೊಂಡಿದ್ದರೆ ಅವನಿಗೆ ಗುರುತೇ ಸಿಗುತ್ತಿರಲಿಲ್ಲ. ಊರವರೆಲ್ಲ ಹಾಗೇ ತಾನೇ ಮಾಡುವುದು? ನಮಗೇ ಬೇಕಿತ್ತು ಈ ದೊಡ್ಡ ಕಟ್ಟಳೆ.

ಮತ್ತೊಮ್ಮೆ ಹೋದಾಗ ಪಾನಾ ಒಯ್ದಿದ್ದೆ. ಅವನ ಕಣ್ಣೆದುರೇ ನಟ್ಟು ಬಿಚ್ಚಿ ಚಕ್ರವನ್ನು ಅವನ ತೊಡೆಯ ಮೇಲಿಟ್ಟೆ. "ತಗೋ, ನಿಂದು ನಿಂಗೆ."

ಅವನು ಅದನ್ನು ಅತ್ತಿತ್ತ ತಿರುಗಿಸಿ ನೋಡಿದ. "ಬರೀ ಚಕ್ರ ತಗೊಂಡ್ ನಾನೇನ್ ಮಾಡ್ಲಿ? ಗಾಡಿ ಕೊಡ್ರಿ" ಎಂದ. ಎಲ್ಲಿಂದ ಕೊಡಲಿ? ಆ ಗಾಡಿ ಈ ಭೂಮಿಯ ಮೇಲಿಲ್ಲ. ಚಕ್ರವನ್ನು ಮತ್ತೆ ಕೂರಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಎಡಗೈ ಎಲ್ಲಿಡಬೇಕೋ ತಿಳಿಯಲಿಲ್ಲ.

ಹೋದ ವಾರ ಅವನು ಬಹಳ ಶಾಂತವಾಗಿದ್ದ. ನನ್ನನ್ನು ಜಗಲಿಯ ಮೇಲೆ ಕೂರಿಸಿದ.

"ನೋಡಿ ಸ್ವಾಮಿ, ನಿಮ್ಮತ್ರ ಜಗಳ ಬ್ಯಾಡ. ತರೀಕೆರೇಲಿ ನನ್ ಗೆಳೆಯ ಒಬ್ಬವ್ನೆ, ಬೋರ್ಡ್ ಬರೀತಾನೆ. ನನ್ ಗಾಡೀನ ನನ್ಗಿಂತ ಚೆನ್ನಾಗ್ ಬಲ್ಲ. ಅವ್ನು ಹೇಳಿದ್ದಕ್ಕೆ ನಾನು ಒಪ್ಕತೀನಿ."

ಅವನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಅವ್ನು ನಾನೇ ಕಣೋ" ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕುಬಿಟ್ಟ. "ಅವ್ನು ಕಳ್ಳ ಅಲ್ಲ ಕಣ್ರೀ. ನಡೀರಿ, ಅವನ ಮನೆಗೇ ಹೋಗಣ."

ಬೇಡವೆನ್ನಲು ನನ್ನಲ್ಲಿ ಕಾರಣವಿರಲಿಲ್ಲ. ಅವನ ಹೆಂಡತಿಗೆ ಹೇಳಿ ಅವನನ್ನು ಕೂರಿಸಿಕೊಂಡು ತರೀಕೆರೆಗೆ ಬಂದೆ. ದಾರಿಯಲ್ಲಿ ಅವನು ತನ್ನ ಗೆಳೆಯನ ಬಗ್ಗೆ ಹೇಳುತ್ತಲೇ ಇದ್ದ. ಒಮ್ಮೆ ಅಮೃತಾಪುರದ ಹತ್ತಿರ ಗಾಡಿ ಕೆಟ್ಟಾಗ ತಾನು ಎಷ್ಟು ದೂರ ತಳ್ಳಿಕೊಂಡು ಬಂದೆ, ಆ ಗೆಳೆಯ ತಳ್ಳುವ ಬದಲು ಸ್ಟಿಯರಿಂಗ್ ಹಿಡಿದು ಹೇಗೆ ಹಾಡುತ್ತಿದ್ದ. ಎಲ್ಲ ನಿಜ. ನಾನು ಹೂಂಗುಟ್ಟಿದೆ.

ನನ್ನ ಮನೆ ಮುಂದೆ ನಿಲ್ಲಿಸಿದಾಗ ಅವನಿಗೆ ಮನೆಯ ಗುರುತು ಸಿಕ್ಕಿತು. "ಹಾರನ್ ಹೊಡೀರಿ, ಬತ್ತಾನೆ" ಎಂದ. ಹೊಡೆದೆ. ನನ್ನ ಹೆಂಡತಿ ಹೊರಗೆ ಬಂದಳು.

"ಅವ್ನು ಇದಾನೇನಮ್ಮಾ?"

ಅವಳು ನನ್ನ ಮುಖ ನೋಡಿದಳು. "ಪ್ಯಾಟೆ ಕಡೆ ಹೋಗವ್ರೆ ಅಣ್ಣಾ. ಒಳಗ್ ಬನ್ನಿ, ಕಾಫಿ ಮಾಡ್ತೀನಿ" ಎಂದಳು.

"ಬ್ಯಾಡ ತಾಯಿ, ಇಲ್ಲೇ ಇರ್ತೀನಿ. ಇವರನ್ನ ನಂಬಿ ಗಾಡಿ ಬಿಟ್ಟು ಇಳಿಯಕಾಗಲ್ಲ."

ನಾನು ಎಂಜಿನ್ ಆರಿಸಿದೆ. ಅವನು ಪೇಟೆಯ ಕಡೆಗೆ ಮುಖ ಮಾಡಿ, ನಾನು ಬರುವುದನ್ನೇ ಕಾಯುತ್ತಾ ನನ್ನ ಪಕ್ಕದಲ್ಲಿ ಕೂತ.