ಬೂದಿಕೋಳಿಯ ಜಾಗ

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಸೀಟಿ ಊದಿದ ಕಂಡಕ್ಟರನಿಗೆ ನಿವೃತ್ತಿಯ ನಂತರ ಉಳಿದ ಪ್ರಯಾಣಿಕರೆಂದರೆ ಹಿತ್ತಲಿನ ಐದು ಕೋಳಿಗಳು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದು, "ಒಬ್ಬೊಬ್ಬರಾಗಿ ಇಳೀರಿ, ನೂಕಬೇಡಿ" ಎನ್ನುವುದು ಆತನ ನಿತ್ಯದ ನುಡಿ. ನೂಕದೆ ಇಳಿಯುವ ಕೋಳಿ ಇನ್ನೂ ಹುಟ್ಟಿಲ್ಲ.

ಐದರಲ್ಲಿ ಕೆಂಚಿಯೇ ದೊಡ್ಡದು. ತಪ್ಪದೆ ಮೊಟ್ಟೆ ಇಡುತ್ತಿತ್ತು, ಆತನ ಅಂಗೈಯಿಂದಲೇ ಕಾಳು ತಿನ್ನುತ್ತಿತ್ತು. ಹೀಗಾಗಿ ಅದರ ತಪ್ಪುಗಳು ಆತನ ಕಣ್ಣಿಗೆ ಬೀಳುತ್ತಿರಲಿಲ್ಲ. ಬೂದಿ ಎಲ್ಲಕ್ಕಿಂತ ಸಣ್ಣದು. ತಾಯಿಯಿಲ್ಲದ ಆ ಮರಿಯನ್ನು ಹೆಂಡತಿ ಒಲೆಯ ಪಕ್ಕದಲ್ಲಿ, ಗಂಡನ ಹಳೆಯ ಡ್ಯೂಟಿ ಟೋಪಿಯೊಳಗಿಟ್ಟು ಸಾಕಿದ್ದಳು.

ಒಂದು ಮುಂಜಾನೆ ನೋಡಿದರೆ ಬೂದಿಯ ಬೆನ್ನು ಬೋಳು. ಕೆಂಚಿ ಅದರ ಗರಿಗಳನ್ನು ಒಂದೊಂದಾಗಿ ಕೀಳುತ್ತಿತ್ತು. ರಕ್ತ ಕಂಡೊಡನೆ ಉಳಿದ ಮೂರೂ ಕೊಕ್ಕು ಸೇರಿಸಿದವು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬುದು ಕೋಳಿಗಳಿಗೂ ಗೊತ್ತು.

ಆತ ಬೂದಿಯನ್ನು ಒಳಗೆ ತಂದು, ಬಚ್ಚಲಮನೆಯ ಬುಟ್ಟಿಯಲ್ಲಿಟ್ಟು, ಹನ್ನೆರಡು ದಿನ ಮುಲಾಮು ಹಚ್ಚಿದ. ಗಾಯ ಮಾಯಿತು. ಮರುದಿನ ಗೂಡಿಗೆ ಬಿಟ್ಟರೆ ನಾಲ್ಕೂ ಅದನ್ನು ಹೊರಗಿನದೆಂದು ಬಗೆದು ಮೂಲೆಗೊತ್ತಿದವು. ಮಧ್ಯಾಹ್ನಕ್ಕೆ ಗಾಯ ಮತ್ತೆ ಬಾಯಿ ಬಿಟ್ಟಿತ್ತು. ಬೂದಿ ನೀರನ್ನೂ ಮುಟ್ಟಲಿಲ್ಲ.

"ಇನ್ನೊಂದ್ಸಲ ಹೀಗಾದ್ರೆ ಇದು ಉಳಿಯಲ್ಲ ರೀ," ಎಂದಳು ಹೆಂಡತಿ.

"ಮತ್ತೆ ಬುಟ್ಟೀಲಿ ಇಡ್ತೀನಿ ಬಿಡು."

"ಬುಟ್ಟೀಲಿ ಇಡ್ಬೇಕಾದ್ದು ಇದನ್ನಲ್ಲ. ಬಸ್ಸಲ್ಲೂ ನೀವು ಮಾಡಿದ್ದು ಇದೇ ತಾನೆ? ಯಾವನೋ ಮೈಮೇಲೆ ಬೀಳ್ತಾನೆ ಅಂತ ಹೆಂಗಸು ಕೂಗಿದ್ರೆ, 'ನೀನೇ ಸ್ವಲ್ಪ ಜರುಗಮ್ಮ' ಅಂತಿದ್ರಿ. ನಂಗೂ ಒಂದ್ಸಲ ಅಂದಿದ್ರಿ."

"ಬಸ್ ಹೊರಡ್ಬೇಕಿತ್ತಲ್ಲೇ! ಪಂಚಾಯ್ತಿ ಮಾಡ್ತಾ ಕೂತ್ರೆ ಆಗ್ತಿತ್ತಾ?"

"ಸರಿ. ಈಗ ಈ ಗೂಡು ಎಲ್ಲಿಗೆ ಹೊರಡ್ಬೇಕಾಗಿದೆ?"

ಆತ ಬೂದಿಯ ಬೆನ್ನಿಗೆ ಮತ್ತೆ ಮುಲಾಮು ಹಚ್ಚಿದ. ಬಳಿಕ ಎದ್ದು ಕೆಂಚಿಯನ್ನು ಹಿಡಿದು, "ದೊರೆಸಾನಿ, ನಿನ್ನ ಸ್ಟಾಪ್ ಬಂತು" ಎಂದು ಬುಟ್ಟಿಗೆ ಹಾಕಿದ. ಬೂದಿಗೆ ಗೂಡಿನೊಳಗೇ ತಂತಿಬಲೆಯ ತಡೆ ಕಟ್ಟಿದ: ಮಿಕ್ಕವು ಅದನ್ನು ದಿನವೂ ಕಾಣಬೇಕು, ಮುಟ್ಟಬಾರದು. ಒಂದೇ ಬಾಗಿಲಿನ ಬಸ್ಸಿನಲ್ಲಿ ಜಗಳ ಹೆಚ್ಚೆಂದು ಆತನಿಗೆ ತಿಳಿಯದ್ದೇನಲ್ಲ; ಕಾಳಿನ ತಟ್ಟೆಯನ್ನು ಎರಡು ಮಾಡಿ, ಗೂಡಿನ ಎರಡು ತುದಿಗೆ ಇಟ್ಟ. ಕೆಲಸವಿಲ್ಲದ ಕೊಕ್ಕುಗಳಿಗೆಂದು ಸೊಪ್ಪಿನ ಕಟ್ಟೊಂದನ್ನು ತೂಗುಹಾಕಿದ.

ಬುಟ್ಟಿ ಸೇರಿದ ಕೆಂಚಿ ಮುನಿಸಿಕೊಂಡು ಮೊಟ್ಟೆ ನಿಲ್ಲಿಸಿತು. "ನಿಮ್ಮ ಮುದ್ದಿನ ಮಗಳು ಮುಷ್ಕರ ಹೂಡಿದಾಳೆ," ಎಂದು ಹೆಂಡತಿ ನಕ್ಕಳು. ಆತ ನಗಲಿಲ್ಲ, ಬುಟ್ಟಿಯ ಮುಚ್ಚಳವನ್ನೂ ತೆಗೆಯಲಿಲ್ಲ.

ಬೂದಿಯ ಗಾಯ ಪೂರ್ತಿ ಒಣಗಿದ ಮೇಲೆ ಬಲೆ ತೆಗೆದ. ಯಾರೂ ಅದರ ತಂಟೆಗೆ ಹೋಗಲಿಲ್ಲ. ಇನ್ನೂ ನಾಲ್ಕು ದಿನ ಬಿಟ್ಟು ಕೆಂಚಿಯನ್ನು ಒಳಗೆ ಬಿಟ್ಟಾಗ, ಈ ಸಲ ಹೊರಗಿನದು ಅದೇ. ತಟ್ಟೆಗೆ ಬಾಯಿ ಹಾಕಲು ಹೋಗಿ, ಮೂವರಿಂದ ತಲೆಗೊಂದೊಂದು ಕುಕ್ಕು ತಿಂದು, ತೆಪ್ಪಗೆ ಸಾಲಿನ ಕೊನೆಗೆ ನಿಂತಿತು. ಬೂದಿ ಕುಕ್ಕಲೂ ಇಲ್ಲ, ತಲೆಯೆತ್ತಿ ನೋಡಲೂ ಇಲ್ಲ. ಅದು ತಿನ್ನುತ್ತಿತ್ತು. ಬೋಳಾಗಿದ್ದ ಬೆನ್ನಿನಲ್ಲಿ ಹೊಸ ಗರಿಗಳು ಮೊಳೆಯುತ್ತಿದ್ದವು.

ಸಂಜೆ ಹೆಂಡತಿ ಹಿತ್ತಲಿನ ಬೆಂಚಿನ ನಟ್ಟನಡುವೆ ಕುಳಿತು ಗೂಡನ್ನೇ ನೋಡುತ್ತಿದ್ದಳು. ಆತ ಬಂದು, ಬಾಯಿತಪ್ಪಿ, "ಸ್ವಲ್ಪ ಜರುಗೇ" ಎಂದ.

"ನಾನ್ಯಾಕೆ ಜರುಗಲಿ?"

ಆತ ಬೆಂಚಿನ ತುದಿಯಲ್ಲಿ ಸಿಕ್ಕಷ್ಟು ಜಾಗದಲ್ಲಿ ಕುಳಿತ. ಕುಳಿತ ಮೇಲೆ ನೋಡಿದರೆ, ಅಲ್ಲಿಂದಲೂ ಗೂಡು ಚೆನ್ನಾಗಿಯೇ ಕಾಣುತ್ತಿತ್ತು.