ಬಟ್ಟಿ ತಿಕ್ಕುತ್ತಿದ್ದ ಆಯಿ

ಮೊನ್ನೆ ಸೊಸೆಗೆ ಹೊಟ್ಟೆ ನೋವೆಂದು ಅವಳ ತಾಯಿ, ನಮ್ಮ ಬೀಗತಿ, ಬಟ್ಟಲಲ್ಲಿ ಹರಳೆಣ್ಣೆ ಬಿಸಿ ಮಾಡಿ ತಂದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಒಣಗಿದ ಕೈಯನ್ನೇ ಸೆರಗಿಗೆ ಒರೆಸಿಕೊಂಡೆ. ಇಪ್ಪತ್ತು ವರ್ಷವಾದರೂ ಹೋಗದ ಎಣ್ಣೆ ಅದು...

ಬೈಲಹೊಂಗಲದ ನಮ್ಮ ಓಣಿಯಲ್ಲಿ ಎದುರು ಮನೆಯ ಆಯಿ ಬಟ್ಟಿ ತಿಕ್ಕುತ್ತಿದ್ದಳು. ಭಾರ ಎತ್ತಿದಾಗ ಹೊಕ್ಕುಳು ಜಾಗ ಬಿಟ್ಟು ಸರಿಯುತ್ತದೆ, ಹೊಟ್ಟೆ ನೋವಿಗೆಲ್ಲ ಅದೇ ಕಾರಣ ಅಂತ ನಮ್ಮ ಕಡೆಯ ನಂಬಿಕೆ. ಅದಕ್ಕೇ ಬಟ್ಟಿ ಸರಿಯುವುದು ಅನ್ನುತ್ತೇವೆ; ಹರಳೆಣ್ಣೆ ಹಚ್ಚಿ ತಿಕ್ಕಿ ಅದನ್ನು ಜಾಗಕ್ಕೆ ತರುತ್ತಿದ್ದಳು. ಸಂಗೊಳ್ಳಿಯಿಂದಲೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಟೆಂಪೋ ಹಿಡಿದು ಬರುತ್ತಿದ್ದರು. ಆಯಿ ಹೊಕ್ಕುಳಲ್ಲಿ ಹೆಬ್ಬೆರಳಿಟ್ಟು ಕಣ್ಣು ಮುಚ್ಚಿದರೆ ಮುಗಿಯಿತು, ಯಾರೂ ಉಸಿರೆತ್ತುವಂತಿಲ್ಲ. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅಂಗಳದಲ್ಲಿ ಕೂತ ಆ ಮಂದಿ, ಅಷ್ಟೇ.

ಎರಡು ಸಾವಿರದ ಇಸವಿ ದಾಟಿತ್ತು. ಒಂದು ಮಧ್ಯಾಹ್ನ ಹೋಳಿಗೆ ತುಪ್ಪ ಉಂಡ ಮೇಲೆ ಆಯಿಗೇ ನೋವು ಬಂತು. ಎದೆಗೂಡಿನ ಕೆಳಗೆ ಹುಟ್ಟಿ ಬೆನ್ನಿಗೆ ಇರಿಯುವ ನೋವು. ಮಲಗಿದರೆ ಹೆಚ್ಚು, ಮುಂದಕ್ಕೆ ಬಾಗಿ ಕೂತರೆ ತುಸು ಕಡಿಮೆ. ಮೇಲಿಂದ ಮೇಲೆ ವಾಂತಿ. ನನ್ನನ್ನು ಕರೆಸಿದಳು.

"ಬಟ್ಟಿ ಸರದೈತಿ ತಂಗಿ. ಎಣ್ಣಿ ಹಚ್ಚಿ ತಿಕ್ಕು, ನಾ ಹೇಳ್ದಂಗ."

ಎರಡು ದಿನ ತಿಕ್ಕಿದೆ. ಮೂರನೆಯ ದಿನ ಪ್ರಜ್ಞೆ ತಪ್ಪಿದಾಗ ಅವಳ ಮಗ ಬೆಳಗಾವಿಗೆ ಒಯ್ದ; ನಾನೂ ಹೋದೆ. ಜಠರದ ಹಿಂದೆ ಮೇದೋಜ್ಜೀರಕ ಅಂತ ಒಂದು ಗ್ರಂಥಿ ಇದೆಯಂತೆ. ಪಿತ್ತಕೋಶದ ಹರಳು ಜಾರಿ ಅದರ ದಾರಿ ಕಟ್ಟಿತ್ತು. ಉಂಡದ್ದನ್ನು ಅರಗಿಸಬೇಕಾದ ರಸ ಗ್ರಂಥಿಯನ್ನೇ ಸುಡುತ್ತಿತ್ತು, ಅದಕ್ಕೇ ಆ ಉರಿಯೂತ. ತಿಕ್ಕಿದ್ದಕ್ಕಿಂತ ತಡ ಮಾಡಿದ್ದು ಕೆಟ್ಟದ್ದು ಎಂದರು ಡಾಕ್ಟರು. ಬಾಯಿಗೆ ಏನೂ ಕೊಡದೆ ಸಲೈನ್ ಹಚ್ಚಿ, ನೋವಿನ ಇಂಜೆಕ್ಷನ್ ಕೊಡುತ್ತ ದಿನಗಟ್ಟಲೆ ಇಟ್ಟುಕೊಂಡರು. ಬದುಕಿದಳು. ಮನೆಗೆ ಕಳಿಸುವಾಗ ಕಡ್ಡಿ ಮುರಿದಂತೆ ಹೇಳಿದರು: ಇನ್ನೂ ಹರಳುಗಳಿವೆ, ಪಿತ್ತಕೋಶ ತೆಗೆಸದಿದ್ದರೆ ಇದು ಮತ್ತೆ ಬರುತ್ತದೆ.

ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಹಿಂದಿನ ದಿನ ಆಯಿ ಒಲ್ಲೆ ಅಂದಳು.

"ಹೊಟ್ಟಿ ಕೊಯ್ಸಕೊಂಡ ಬಂದಾಕಿ ಕಡೆ ಬಟ್ಟಿ ತಿಕ್ಕಿಸ್ಕೊಳ್ಳಾಕ ಯಾರ ಬರ್ತಾರ, ಹೇಳು?"

ಯಾರೂ ಬರದಿದ್ದರೂ ಚಿಂತೆಯಿಲ್ಲ, ನೀವಿದ್ದರೆ ಸಾಕು ಅಂತ ನಾನು ಹೇಳಬೇಕಿತ್ತು. ನಿಜ ಹೇಳಬೇಕೆಂದರೆ, ಡಾಕ್ಟರ ಮಾತು ಕೇಳಿದ ಮೇಲೂ ನನಗೆ ಅವಳ ಕೈಮೇಲೆ ನಂಬಿಕೆಯಿತ್ತು. ಅದಕ್ಕಾಗಿ ನನ್ನ ಮೇಲೆ ನನಗೆ ಈಗಲೂ ಸಿಟ್ಟು.

ಅಂಗಳ ಮತ್ತೆ ತುಂಬಿತು. ಶ್ರಾವಣ ಮುಗಿಯುವುದರೊಳಗೆ ನೋವೂ ಮರಳಿತು. ಮತ್ತೆ ಕರೆಸಿದಳು.

"ದವಾಖಾನಿಗೆ ನಡೀರಿ ಆಯಿ," ಅಂದೆ.

"ಹೊರಗ ಮಂದಿ ಕುಂತಾರ. ಮೊದಲ ಬಾಗಲಾ ಹಾಕು."

ಹಾಕಿದೆ. ಎಣ್ಣೆ ಬಟ್ಟಲು ತೆಗೆದುಕೊಂಡೆ... ಊರಿಗೆ ಹೋಗಿದ್ದ ಮಗ ಮರುದಿನ ಬಂದು ಬೆಳಗಾವಿಗೆ ಒಯ್ದ. ಈ ಸಲ ಅವಳು ತಿರುಗಿ ಬರಲಿಲ್ಲ. ದವಾಖಾನೆಯವರ ಕೈ ಹತ್ತಿದ ಮೇಲೇ ಆಯಿ ಕೆಟ್ಟಳು ಅಂತ ಓಣಿಯವರು ಆಡಿಕೊಂಡರು. ಅದಕ್ಕೂ ನಾನು ಸುಮ್ಮನಿದ್ದೆ.

ಮೊನ್ನೆ ಬೀಗತಿಯ ಕೈಯಿಂದ ಬಟ್ಟಲು ಕಸಿದು ಬಚ್ಚಲಿಗೆ ಸುರಿದೆ. ಸೊಸೆಯನ್ನು ಆಟೋ ಹತ್ತಿಸಿ ಡಾಕ್ಟರ ಹತ್ತಿರ ಒಯ್ದೆ. ಬರೀ ಅಜೀರ್ಣ ಅಂದರು. ಬೀಗತಿ ಮುನಿಸಿಕೊಂಡು ರಾಮದುರ್ಗಕ್ಕೆ ಹೋಗಿದ್ದಾರೆ, ಫೋನಿಗೂ ಸಿಗುತ್ತಿಲ್ಲ. ಅವರದೇನೂ ತಪ್ಪಿಲ್ಲ. ಎಣ್ಣೆ ಬಟ್ಟಲನ್ನು ನಾನು ಆಯಿಯ ಮನೆ ಬಾಗಿಲು ಹಾಕಿದ ದಿನವೇ ಸುರಿಯಬೇಕಿತ್ತು.